ಎರಡನೆಯ ಕಂತು

“ಮೊದ್ಲು ಹಸು ಒಳಗೆ ಬರ್ಲಿ. ಮನುಷ್ಯರು ಆಮೇಲೆ ಬಂದ್ರಾಯ್ತು,” ಎಂದು ಒಡೇರೊ ಬೇಲಿಯ ಬಾಯಿಗೆ ಅಡ್ಡ ನಿಂತ.

ಓಗುತು ಪಕ್ಕಕ್ಕೆ ಸರಿದ. ಅವನ ಚಿಕ್ಕಪ್ಪ ಸೆವೆ ಎರಡು ಹಸುಗಳನ್ನು ಹೊಡೆದುಕೊಂಡು ಅಂಗಳಕ್ಕೆ ಹೋದರು. ಓಗುತುವಿನ ಹೆಂಡತಿಯ ಅಣ್ಣ ಈ ಒಡೇರೊ. ಹಸುಗಳ ಹಲ್ಲು ನೋಡಿದ, ಬೆನ್ನು ಒತ್ತಿದ, ಬಾಲ ಎತ್ತಿದ. ಕುಡಿದವನ ಹಾಗೆ ಅವನ ಕಣ್ಣುಗಳು ಕೆಂಪಗಿದ್ದವು. ವಾಸನೆ ಮಾತ್ರ ಇರಲಿಲ್ಲ.

“ಎರಡೂ ಕರಾವಿನವು, ಭಾವ,” ಎಂದ ಓಗುತು.

“ಯಾರಿಗೆ ಯಾರೋ ಭಾವ? ಹತ್ತೊಂಬತ್ತು ವರ್ಷ ನನ್ ತಂಗಿ ಕೈಲಿ ಬೇಯಿಸ್ಕೊಂಡು ತಿಂದೆ. ಇಷ್ಟು ದಿನ ನಮ್ಮ ಹಟ್ಟಿಗೆ ನಿಂದು ಅಂತ ಒಂದು ಗೊರಸು ಬಂದಿತ್ತಾ?”

ಬಂದಿರಲಿಲ್ಲ. ಹೆಂಡತಿ ಅದೋಯೊ ಅವನ ಜೊತೆ ಬಂದಾಗ ಅವನ ಹತ್ತಿರ ಇದ್ದದ್ದು ಎರಡು ಗುದ್ದಲಿ. ಮೂರು ಮಕ್ಕಳಾದವು. ಹೆಣ್ಣಿನ ಮನೆಗೆ ಹಸು ಕೊಡುವ ತೆರದ ಮಾತು ಪ್ರತಿ ಸುಗ್ಗಿಗೆ ಏಳುತ್ತಿತ್ತು, ಮೆಕ್ಕೆಜೋಳದ ಜೊತೆಗೇ ಖಾಲಿಯಾಗುತ್ತಿತ್ತು. ನಮ್ಮ ಲುವೋ ಜನರಲ್ಲಿ ತೆರ ಸಲ್ಲದ ಹೆಂಗಸು ಎಷ್ಟು ವರ್ಷ ಬಾಳಿದರೂ ತವರಿನ ಸೊತ್ತು. ತವರಿನವರು ಬೇಡ ಎಂದರೆ ಗಂಡನ ಅಂಗಳದಲ್ಲಿ ಅವಳಿಗೆ ಜಾಗವಿಲ್ಲ.

ಹೋದ ವರ್ಷ ನೈರೋಬಿಯ ಒಂದು ಸಂಸ್ಥೆಯವರು ಊರಿನ ಪ್ರತಿ ಮನೆಯ ಫೋನಿಗೂ ದುಡ್ಡು ಹಾಕಿದರು. ಸಾಲವಲ್ಲ, ಕೂಲಿಯಲ್ಲ. ಏನು ಮಾಡಿದೆ ಎಂದು ಕೇಳುವವರೂ ಇಲ್ಲ. ಸೈತಾನನ ದುಡ್ಡು ಎಂದು ಕೆಲವರು ಮುಟ್ಟಲಿಲ್ಲ. ಮುಟ್ಟದವರೇ ಆರು ತಿಂಗಳಲ್ಲಿ ಮುಟ್ಟಿದವರ ಮನೆಗೆ ಸಕ್ಕರೆ ಕೇಳಿಕೊಂಡು ಬಂದರು.

ಮೊದಲ ಕಂತು ಬಂದ ದಿನವೇ ಅದೋಯೊ ಹೇಳಿದ್ದಳು. “ಮೊದ್ಲು ನನ್ನ ಹಸು ಕೊಟ್ಬಿಡು. ನಾಳೆ ಮಗಳಿಗೆ ಗಂಡು ಬಂದ್ರೆ ಯಾವ ಮುಖ ಇಟ್ಕೊಂಡು ತೆರ ಕೇಳ್ತೀಯಾ? ಅವಳವ್ವನೇ ಇಲ್ಲಿ ಬಿಟ್ಟಿ ಕೂತವಳೆ.”

“ನೀನೆಲ್ಲಿಗೆ ಓಡಿಹೋಗ್ತೀಯಾ? ಮೊದ್ಲು ಸೂರು ಸೋರೋದು ನಿಲ್ಲಲಿ. ಹಸು ಎರಡನೇ ಕಂತಿಗೆ.”

ಹುಲ್ಲಿನ ಸೂರು ಇಳಿಯಿತು, ಹನ್ನೆರಡು ತಗಡು ಏರಿದವು. ಆ ಮಳೆಗಾಲ ಮಕ್ಕಳು ಒಣಚಾಪೆಯ ಮೇಲೆ ಮಲಗಿದರು. ಅದೋಯೊ ತಗಡಿನ ಮೇಲಿನ ಮಳೆ ಸದ್ದು ಕೇಳಿ ನಕ್ಕಳು. ಹಸುವಿನ ಮಾತು ಮಾತ್ರ ಬಿಡಲಿಲ್ಲ.

ಹೋದ ಭಾನುವಾರ ಅವಳು ಮನೆ ಬಿಟ್ಟಳು. ಎರಡು ದಿನದಿಂದ ಮಾತು ಕಮ್ಮಿಯಾಗಿತ್ತು, ಊಟ ಮುಟ್ಟಿರಲಿಲ್ಲ. ಪಕ್ಕದ ಮನೆಯವಳನ್ನು ಜೊತೆಗೆ ಕೂರಿಸಿಕೊಂಡು ಬಾಡಿಗೆ ಬೈಕಿನಲ್ಲಿ ಪೇಟೆಗೆ ಹೋದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಓಗುತು ಹಿಂದೆಯೇ ನಡೆದು ಹೋಗಿ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಒಡೇರೊ ಅಲ್ಲಿ ಮೊದಲೇ ಬಂದು ನಿಂತಿದ್ದ. “ತೆರ ಇಡು. ಆಮೇಲೆ ಕರ್ಕೊಂಡು ಹೋಗು,” ಎಂದಿದ್ದ.

ಸೋಮವಾರ ಬೆಳಿಗ್ಗೆ ಓಗುತುವಿನ ಫೋನು ಸದ್ದು ಮಾಡಿತು. ಎರಡನೆಯ ಕಂತು. ಅವನು ಬಾಗಿಲಲ್ಲಿ ಕೂತು ಆ ಸಂದೇಶವನ್ನು ಹತ್ತು ಸಲ ನೋಡಿದ. ಒಂದೇ ಒಂದು ದಿನ ತಡ.

ಆ ದುಡ್ಡಿನ ಹಸುಗಳನ್ನು ತಂದರೂ ಮಾವನ ಮನೆಯಲ್ಲಿ ಚಹಾ ಕೂಡ ಕೊಡಲಿಲ್ಲ. ಓಗುತು ಎರವಲು ಕೋಟು ತೊಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತ. ಚೀಲದಲ್ಲಿ ಅದೋಯೊಳ ನೀಲಿ ಲಂಗ ಇತ್ತು, ಮಗಳು ಇಸ್ತ್ರಿ ಮಾಡಿ ಕೊಟ್ಟದ್ದು. ಅಳಿಯ ಅತ್ತೆಯ ಮುಖ ನೋಡಬಾರದು. ಹಾಗಾಗಿ ಅತ್ತೆ ಒಳಗೆ, ಬಾಗಿಲ ಹಿಂದೆ ಕೂತಿದ್ದಳು.

“ಎರಡು ಸಾಲಲ್ಲ. ಇನ್ನೊಂದು ಹೋರಿ ಬೇಕು,” ಎಂದ ಒಡೇರೊ.

“ಅವನ ಫೋನು ತಲೆಕೆಳಗೆ ಹಿಡಿದು ಅಲ್ಲಾಡ್ಸು,” ಎಂದರು ಸೆವೆ. “ಒಂದು ಕೋಳಿನೂ ಬೀಳಲ್ಲ ಕಣಪ್ಪಾ.”

“ತಗಡು ಐತಲ್ಲ? ನನ್ ತಂಗಿ ಹಸುಗಳನ್ನೇ ಸೂರಿಗೆ ಹೊದಿಸಿದಾನೆ ಇವನು. ಕಿತ್ಕೊಂಡು ಬರ್ಲಿ.”

ಸೆವೆ ಬಾಯಿ ತೆರೆಯುವ ಮೊದಲೇ ಓಗುತು ಎದ್ದ.

“ಕೀಳ್ತೀನಿ. ಸಂಜೆಯೊಳಗೆ ಹನ್ನೆರಡೂ ತಂದು ನಿನ್ನ ಅಂಗಳದಲ್ಲಿ ಹಾಕ್ತೀನಿ. ಅವಳನ್ನ ಮನೆಗೆ ಕಳ್ಸು, ಅಷ್ಟೇ ಸಾಕು. ಶನಿವಾರಕ್ಕೆ ಊರಿಗೆಲ್ಲ ಹೇಳಿ ಆಗಿದೆ. ಚರ್ಚಿನ ಹೆಂಗಸರು ಹಾಡೋಕೆ ಬರ್ತಾರೆ, ಡೇರೆ ಹಾಕಿದಾರೆ.”

“ಊರಿಗೆ ಹೇಳೋ ಮುಂಚೆ ನಮಗೆ ಹೇಳ್ಬೇಕಿತ್ತು. ಹತ್ತೊಂಬತ್ತು ವರ್ಷ ಮುಂಚೆ.”

“ಹೌದು.”

ಓಗುತು ಜಗಳಕ್ಕೆ ಬಂದಿದ್ದರೆ ಒಡೇರೊಗೆ ಸುಲಭವಾಗುತ್ತಿತ್ತು. ಅವನು ಹಸುವಿನ ಹಗ್ಗವನ್ನು ಕೈಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಬಾಗಿಲ ಹಿಂದಿನಿಂದ ಮುದುಕಿಯ ದನಿ ಬಂತು.

“ಒಡೇರೊ, ಸಾಕು ನಿಲ್ಸು. ಅವಳ ಮಕ್ಕಳ ತಲೆ ಮೇಲಿನ ತಗಡು ಕಿತ್ತು ನಾನೇನು ಮಾಡ್ಲಿ? ಅಲ್ಲಿ ಒಬ್ಬಳೇ ಇದ್ದಾಳೆ ನನ್ ಮಗಳು, ಆ ಚಳೀಲಿ. ಬಂದ ಹಸು ಕಟ್ಟು. ಅವಳನ್ನ ಅವಳ ಮನೆಗೆ ಕಳ್ಸು.”

ಒಡೇರೊ ಹಸುಗಳನ್ನು ಗೂಟಕ್ಕೆ ಕಟ್ಟಿ ಬಂದು ಓಗುತುವಿನ ಪಕ್ಕದಲ್ಲಿ, ಅದೇ ಬೆಂಚಿನ ಮೇಲೆ ಕೂತ.

“ನಾಳೆ ಬೆಳಿಗ್ಗೆ ಬಾ,” ಎಂದ. “ಸಹಿ ಹಾಕ್ತೀನಿ.”

ಮರುದಿನ ಒಡೇರೊ ಸಹಿ ಹಾಕಿದ ಮೇಲೆ ಪೇಟೆಯ ಆಸ್ಪತ್ರೆಯ ಶವಾಗಾರದಿಂದ, ಭಾನುವಾರ ಅಲ್ಲೇ ತೀರಿಕೊಂಡಿದ್ದ ಅದೋಯೊಳ ಪೆಟ್ಟಿಗೆ ಹೊರಬಂತು. ಹಿಂದಿನ ದಿನವಷ್ಟೇ ಅವಳ ಗಂಡನಾದ ಓಗುತು, ಅವಳನ್ನು ಮಣ್ಣು ಮಾಡಲು ಮನೆಗೆ ಕರೆದುಕೊಂಡು ಹೊರಟ.