ಸಮಕ್ಕೆ ನಿಂತ ಪಿಕಪ್

ಬೆಳಿಗ್ಗೆ ಏಳು ಗಂಟೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆಯುವ ಮೊದಲೇ ಪಿಕಪ್ ಬಂದು ನಿಂತಿತ್ತು. ಅದರ ಹಿಂಭಾಗ ಮುಂಭಾಗಕ್ಕಿಂತ ನಾಲ್ಕು ಬೆರಳು ಎತ್ತರವಿತ್ತು.

“ಹಿಂದೆ ತಗ್ಗಿಸ್ಬೇಕು,” ಎಂದ ಇಳಿದವನು. “ನೋಡಿದ್ರೆ ಸಮ ಕಾಣ್ಬೇಕು.”

ಮೆಕ್ಯಾನಿಕ್ ಅವನನ್ನೇ ನೋಡಿದ. ಇಂಥ ಕೆಲಸಕ್ಕೆ ಬರುವವರು ಮೀಸೆ ಮೂಡುತ್ತಿರುವ ಹುಡುಗರು. ಇವನಿಗೆ ಅರವತ್ತರ ಆಸುಪಾಸು. ಅಂಗಿಯ ಕಾಲರು ಹರಿದು ಹೊಲಿಸಿದ್ದು.

“ಈ ವಯಸ್ಸಲ್ಲಿ ಶೋಕಿ ಹತ್ಕೊಂಡ್ತಾ ಅಣ್ಣಾ?”

ಅವನು ನಗಲಿಲ್ಲ.

“ನೋಡಿ, ಖಾಲಿ ಪಿಕಪ್ ಹಿಂದೆ ಎತ್ತರವೇ ಇರತ್ತೆ. ಮಾಲು ತುಂಬಿದ್ಮೇಲೆ ಕೂತ್ಕೊಂಡು ಸಮಕ್ಕೆ ಬರತ್ತೆ. ಈಗಲೇ ತಗ್ಗಿಸಿಬಿಟ್ರೆ, ಮಾಲು ಹಾಕಿದ ದಿನ ಹಿಂಭಾಗ ನೆಲ ಸವರ್ಕೊಂಡು ಹೋಗತ್ತೆ.”

“ಮಾಲು ಹಾಕಲ್ಲ.”

“ಮತ್ತೆ ಪಿಕಪ್ ಯಾಕೆ, ಗಾಳಿ ತಗೊಳ್ಳೋಕಾ?”

“ಆಗತ್ತೋ ಇಲ್ವೋ ಹೇಳಿ ಮೇಸ್ತ್ರಿ. ಒಂಬತ್ತಕ್ಕೆ ಮುಂಚೆ ಬೇಕು.”

ಆಗದ ಕೆಲಸವೇನಲ್ಲ. ಆದರೆ ಹಿಂದಿನ ಬೀದಿಯ ಗ್ಯಾರೇಜಿಗೆ ಪೊಲೀಸರು ಬೀಗ ಜಡಿದು ಇನ್ನೂ ವರ್ಷ ಕಳೆದಿರಲಿಲ್ಲ. ಯಾವನೋ ಒಬ್ಬ ಕೇಳಿದನೆಂದು ಅಲ್ಲಿಯ ಮಾಲೀಕ ವ್ಯಾನಿನ ಸ್ಪ್ರಿಂಗಿಗೆ ಎರಡು ಪಟ್ಟಿ ಹೆಚ್ಚಿಗೆ ಸೇರಿಸಿಕೊಟ್ಟಿದ್ದ. ತುಂಬಿದ ವ್ಯಾನು ಖಾಲಿಯಂತೆ ಕಾಣುತ್ತಿತ್ತು. ಒಳಗಿದ್ದದ್ದು ಕಳ್ಳಮಾಲು. ಸಿಕ್ಕಿಬಿದ್ದಾಗ ಪಟ್ಟಿ ಸೇರಿಸಿದವನೂ ಒಳಗೆ ಹೋದ.

ಇವನು ಕೇಳುತ್ತಿರುವುದು ಉಲ್ಟಾ. ಉಲ್ಟಾ ಆದದ್ದರಿಂದಲೇ ಮೆಕ್ಯಾನಿಕ್‌ಗೆ ಅನುಮಾನ ಹೆಚ್ಚಾಯಿತು. ಆದರೂ ಜಾಕ್ ಹಚ್ಚಿದ. ವಾರದಿಂದ ಗ್ಯಾರೇಜಿಗೆ ಬೇರೆ ಗಾಡಿ ಬಂದಿರಲಿಲ್ಲ.

ಸ್ಪ್ರಿಂಗ್ ಪಟ್ಟಿಗಳ ತುದಿಗಳು ವರ್ಷಾನುಗಟ್ಟಲೆ ಭಾರ ಹೊತ್ತು ಸವೆದಿದ್ದವು. ಸವೆದ ಜಾಗದ ಮೇಲೆ ಮಾತ್ರ ಹೊಸ ತುಕ್ಕು.

“ಮುಂಚೆ ಚೆನ್ನಾಗಿ ದುಡಿದಿದೆ ಗಾಡಿ.”

“ಹೂಂ. ನಮ್ಮಕ್ಕ ತುಂಬೋಳು, ನಾನು ಓಡಿಸೋನು. ಮೂಟೆ ಎತ್ತೋದ್ರಲ್ಲಿ ಅವಳ ಮುಂದೆ ಗಂಡಸರು ಸುಮ್ನೆ. ಈಗ ಸೊಂಟ ಮುರ್ಕೊಂಡು ಕೂತಿದ್ದಾಳೆ.”

ಹಿಂಭಾಗಕ್ಕೆ ಹೊದಿಸಿದ್ದ ಟಾರ್ಪಾಲಿನ ಹಗ್ಗ ಬಿಗಿಯಾಗಿತ್ತು. ಗಿರಾಕಿ ನೀರು ಕುಡಿಯಲು ಹೋದಾಗ ಮೆಕ್ಯಾನಿಕ್ ಒಂದು ಅಂಚು ಎತ್ತಿ ನೋಡಿದ. ಒಳಗೆ ಸಾಲುಸಾಲು ರಟ್ಟಿನ ಪೆಟ್ಟಿಗೆಗಳು. ಸೋಪಿನ ವಾಸನೆ. ಹತ್ತಿರದ್ದನ್ನು ಬೆರಳಿನಿಂದ ಒತ್ತಿದ. ಅದು ಒಳಕ್ಕೆ ಕುಸಿಯಿತು. ಖಾಲಿ. ಇನ್ನೊಂದೂ ಖಾಲಿ. ಎಲ್ಲಕ್ಕೂ ನೀಟಾಗಿ ಟೇಪು ಹಚ್ಚಿತ್ತು.

ಏನನ್ನೋ ತುಂಬಲು ಕಾಯುತ್ತಿದ್ದಾನೆ, ಅಂದುಕೊಂಡ.

ಒಂದು ಪಟ್ಟಿ ತೆಗೆದು ಗಾಡಿಯನ್ನು ಇಳಿಸಿದಾಗ ಗಿರಾಕಿ ವಿಚಿತ್ರವಾದದ್ದು ಕೇಳಿದ. “ಮಹಡಿಗೆ ಹೋಗಿ ಕಿಟಕಿಯಿಂದ ನೋಡ್ಲಾ?” ಮೇಲಿನ ಸಾಮಾನು ಕೋಣೆಯಿಂದ ಬಗ್ಗಿ ನೋಡಿದ. ಕಣ್ಣು ಕಿರಿದು ಮಾಡಿದ. “ಇನ್ನೂ ಒಂದು ತೆಗೀರಿ.”

ತೆಗೆದಾಗ ಪಿಕಪ್ ಸಮಕ್ಕೆ ನಿಂತಿತು. ಅವನು ಅದೇ ಕಿಟಕಿಯಲ್ಲಿ ಬಹಳ ಹೊತ್ತು ನಿಂತ. ನಂತರ ಕೂಲಿ ಕೊಟ್ಟು, ಫೋನ್ ನಂಬರು ಕೇಳಿದ್ದು ಕೇಳಿಸದವನಂತೆ ಹೊರಟುಹೋದ.

ಮಧ್ಯಾಹ್ನ ಬಿಡಿಭಾಗ ತರಲು ಹೊರಟ ಮೆಕ್ಯಾನಿಕ್ ಊರಾಚೆಯ ರಸ್ತೆಯಲ್ಲಿ ಅದೇ ಪಿಕಪ್ಪನ್ನು ಕಂಡ. ಮುಚ್ಚಿದ ಯಾವುದೋ ಕಾರ್ಖಾನೆಯ ಗೇಟಿನ ಪಕ್ಕ, ಗೋಡೆಯ ನೆರಳಲ್ಲಿ ನಿಂತಿತ್ತು. ಗೇಟಿಗೆ ಬೀಗ, ಬೀಗಕ್ಕೆ ಸೀಲು, ಸೀಲಿನ ಮೇಲೆ ಧೂಳು. ಗಿರಾಕಿ ಸೀಟಿನಲ್ಲಿ ಕೂತು ಡಬ್ಬಿಯಿಂದ ಊಟ ಮಾಡುತ್ತಿದ್ದ. ಒಬ್ಬನೇ. ಊಟ ಮುಗಿಸಿ ಡಬ್ಬಿ ತೊಳೆದ. ತೊಳೆದ ಡಬ್ಬಿಯನ್ನು ಒರೆಸಿದ. ಮಾಡಲು ಇನ್ನೇನೂ ಇಲ್ಲದವನಂತೆ ಮತ್ತೊಮ್ಮೆ ಒರೆಸಿದ.

ಇಲ್ಲೇ ಮಾಲು ಕೈ ಬದಲಾಗುವುದು, ಅಂದುಕೊಂಡ ಮೆಕ್ಯಾನಿಕ್.

ನಾಲ್ಕು ಗಂಟೆಗೆ ಮೆಕ್ಯಾನಿಕ್ ಮತ್ತೆ ಅಲ್ಲಿಗೆ ಬಂದ. ನೆಪಕ್ಕೆ ಸ್ಪ್ಯಾನರ್ ತಂದಿದ್ದ. ಬಿಚ್ಚಿ ಬಿಗಿದ ಬೋಲ್ಟು, ಗಾಡಿ ಒಂದಷ್ಟು ಓಡಿದ ಮೇಲೆ ಸಡಿಲವಾಗುತ್ತದೆ, ಇನ್ನೊಮ್ಮೆ ಬಿಗಿಯಬೇಕು. ಅದು ಸುಳ್ಳೂ ಅಲ್ಲ. ಆದರೆ ಪಿಕಪ್ ಅಲ್ಲಿಯೇ, ಹಾಗೆಯೇ ನಿಂತಿತ್ತು. ಯಾರೂ ಬಂದ ಗುರುತಿಲ್ಲ. ಗಿರಾಕಿ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಗೇಟನ್ನೇ ನೋಡುತ್ತಿದ್ದ. ಐದಕ್ಕೆ ಗಡಿಯಾರ ನೋಡಿ, ಯಾರೋ ಬಿಡುವು ಕೊಟ್ಟರೆಂಬಂತೆ ಗಾಡಿ ಶುರು ಮಾಡಿದ.

ಮೆಕ್ಯಾನಿಕ್ ಸ್ಕೂಟರಿನಲ್ಲಿ ಹಿಂಬಾಲಿಸಿದ. ಕಳ್ಳಮಾಲಾದರೆ ನೇರ ಠಾಣೆಗೆ ಹೋಗುವುದು, ತಾನೇ ಮೊದಲು ಹೇಳಿಬಿಡುವುದು. ಗ್ಯಾರೇಜಾದರೂ ಉಳಿಯುತ್ತದೆ.

ಪಿಕಪ್ ಮಾರುಕಟ್ಟೆಯ ಹಿಂದಿನ ಇಕ್ಕಟ್ಟಾದ ಬೀದಿಗೆ ತಿರುಗಿತು. ಒಂದು ಹಳೆಯ ಮನೆಯ ಎದುರು, ಬಾಗಿಲ ಬಳಿ ಜಾಗವಿದ್ದರೂ, ರಸ್ತೆಯ ಆಚೆ ಬದಿಗೆ ನಿಂತಿತು. ಮಹಡಿಯ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕಿಯ ತೋಳುಗಳು ಇನ್ನೂ ದಪ್ಪಗಿದ್ದವು.

ಅವನು ಇಳಿದು ಮೇಲೆ ನೋಡಿ ಕೈಬೀಸಿದ.

“ಬೆಳಿಗ್ಗೆ ಈ ದಾರೀಲಿ ಹೋಗ್ತಾ ಇದ್ದಾಗ ನೋಡ್ದೆ ಕಣೋ,” ಎಂದಳು ಅಕ್ಕ ಮೇಲಿನಿಂದ. “ತಿಂಗಳಾನುಗಟ್ಟಲೆ ಆದ್ಮೇಲೆ ಗಾಡಿ ತುಂಬಿ ಸಮಕ್ಕೆ ಕೂತಿತ್ತು. ಸದ್ಯ, ಫ್ಯಾಕ್ಟರಿ ಮೊದಲಿನ ಹಾಗಾಯ್ತು ಅಂದ್ಕೊಂಡೆ. ಇದೇನೋ, ಸಂಜೆನೂ ಹಾಗೇ ಕೂತಿದೆ? ಒಂದು ಪೆಟ್ಟಿಗೆನೂ ಇಳೀಲಿಲ್ವಾ?”

ತಮ್ಮ ತಿರುಗಿ ಗಾಡಿಯ ಹಿಂಭಾಗವನ್ನು ನೋಡಿದ.

ಮೆಕ್ಯಾನಿಕ್ ಸ್ಕೂಟರಿನಿಂದ ಇಳಿದು ಸ್ಪ್ಯಾನರ್ ಎತ್ತಿ ತೋರಿಸಿದ. “ದಾರೀಲಿ ಕೈಕೊಡ್ತಮ್ಮಾ ಗಾಡಿ. ನಾನೇ ಮೇಸ್ತ್ರಿ. ನಾಳೆ ಎಲ್ಲಾ ಇಳಿಯತ್ತೆ.”

ಮರುದಿನ ಬೆಳಿಗ್ಗೆ, ತೆಗೆದಿದ್ದ ಪಟ್ಟಿಗಳನ್ನು ಮೆಕ್ಯಾನಿಕ್ ತಾನೇ ಮತ್ತೆ ಜೋಡಿಸಿದ. ಗ್ಯಾರೇಜಿನ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣವನ್ನು ಪಿಕಪ್ಪಿಗೆ ತುಂಬಿ ಕಳಿಸಿದ. ಸಂಜೆ ಐದಕ್ಕೆ, ಪಿಕಪ್ ಅಕ್ಕನ ಬೀದಿಗೆ ಹೋಗುವ ಮೊದಲು, ಇಬ್ಬರೂ ಸೇರಿ ಅದನ್ನು ಅದೇ ಹಿತ್ತಲಲ್ಲಿ ಇಳಿಸಿದರು.