ಸಾಸಿವೆ ಕಾಳಿನಷ್ಟು ನಿಂಬೆಹಣ್ಣು

ಪ್ಲಾಸ್ಟಿಕ್ ಅಂಟಿನ ವಾಸನೆ ಬಂದರೆ ಇವತ್ತಿಗೂ ನನ್ನ ನೆತ್ತಿ ಚುರ್ ಎನ್ನುತ್ತದೆ.

ವಿದೇಶದ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಗ್ಯಾರೇಜಿನೊಳಗೆ ಕಾರು ನಿಂತದ್ದೇ ಇಲ್ಲ. ಅಪ್ಪ ಕೊಂಡು ತಂದ, ಬಿಡಿಭಾಗ ಅಂಟಿಸಿ ಪುಟ್ಟ ಗಾಡಿ ಮಾಡುವ ಮಾಡೆಲ್ ಕಿಟ್‌ಗಳ ಬಾಕ್ಸುಗಳು ಅಲ್ಲಿ ಸೂರಿನವರೆಗೆ ತುಂಬಿದ್ದವು. ಮುಕ್ಕಾಲು ಪಾಲಿನ ಸೀಲೂ ಒಡೆದಿರಲಿಲ್ಲ. ಆದರೂ ವಾರವಾರವೂ ಹೊಸದೊಂದು ಬರುತ್ತಿತ್ತು.

ಅವತ್ತು ಆಯುಧಪೂಜೆ. ಅಮ್ಮ ಡ್ರೈವ್‌ವೇಯಲ್ಲಿ ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಅಪ್ಪನನ್ನು ಕೂಗಿದಳು. ಮೂರು ಸಲ ಕೂಗಿದರೂ "ಬಂದೆ, ಒಂದ್ನಿಮಿಷ" ಎಂಬ ಉತ್ತರವೇ. ಬಿಸಿಲಿಗೆ ಹಾರ ಬಾಡಿತು. ಕೊನೆಗೆ ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದಳು.

ಅಪ್ಪ ಗ್ಯಾರೇಜಿನಲ್ಲಿ ಅಂಗೈಯಗಲದ ಮಾಡೆಲ್ ಲಾರಿಯೊಂದರ ಮೇಲೆ ಬಗ್ಗಿದ್ದ. ಹಲ್ಲುಕಡ್ಡಿಯಿಂದ ಅದರ ಮಡ್‌ಗಾರ್ಡಿಗೆ ತುಕ್ಕಿನ ಬಣ್ಣ ಬಳಿದಿದ್ದ. ಚಕ್ರಗಳ ಕೆಳಗೆ ಸಾಸಿವೆ ಕಾಳಿನಷ್ಟು ಪುಟ್ಟ ನಿಂಬೆಹಣ್ಣು ಮಾಡಿ ಅಂಟಿಸಿದ್ದ.

"ಇದರ ಹಾರಕ್ಕೆ ದಾರ ದಪ್ಪ ಆಗ್ತಿದೆ ಪುಟ್ಟಿ. ಒಂದು ಕೂದ್ಲು ಕೊಡು," ಎಂದ.

"ನೋ ಅಪ್ಪ!"

ಅಷ್ಟರಲ್ಲಿ ಅವನ ಚಿಮಟ ನನ್ನ ನೆತ್ತಿಯಿಂದ ಒಂದೆಳೆ ಕಿತ್ತಿತ್ತು. ಅದರ ಬುಡದ ಬಿಳಿ ಗಂಟನ್ನು ಬ್ಲೇಡಿನಿಂದ ಕತ್ತರಿಸಿ, ಉಫ್ ಎಂದು ಊದಿದ.

ಅಮ್ಮ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಲಾರಿಯನ್ನೂ ನೋಡಿದಳು, ನೆತ್ತಿ ಉಜ್ಜಿಕೊಳ್ಳುತ್ತಿದ್ದ ನನ್ನನ್ನೂ ನೋಡಿದಳು.

"ಇದಕ್ಕೇ ಆರತಿ ಎತ್ತಿಬಿಡ್ಲಾ?" ಎಂದಳು.

ಅಪ್ಪ ನಿಜಕ್ಕೂ ಯೋಚಿಸಿದ.

"ಬೇಡ ಕಣೆ, ಪೇಂಟ್ ಇನ್ನೂ ಒಣಗಿಲ್ಲ."