ಆಸೆಯ ಹನಿ

ಹುಟ್ಟಿದ ಮಕ್ಕಳಲ್ಲಿ ಆಸೆ ತಾನಾಗಿ ಮೂಡುವುದು ನಿಂತು ಒಂದು ತಲೆಮಾರಾಗಿತ್ತು. ತಿಂಗಳೊಳಗೆ ಆಸ್ಪತ್ರೆಯಲ್ಲಿ ನಾಲಿಗೆಗೆ ಹನಿ ಹಾಕಿಸಬೇಕು; ಆಮೇಲೆ ಹಾಕಿದರೆ ಹತ್ತುವುದಿಲ್ಲ. ಹುಲಿಗೆಮ್ಮ ಮಗನನ್ನು ಎತ್ತಿಕೊಂಡು ಬಂದದ್ದು ನಲವತ್ತೊಂದನೆಯ ದಿನ.

“ಇಷ್ಟ್ ದಿನ ಎಲ್ಲಿದ್ದಿ ತಂಗಿ?” ಎಂದಳು ನರ್ಸ್.

“ನಲವತ್ತು ದಿನ ಬಾಣಂತಿ ಹೊಸ್ತಿಲಾ ದಾಟಬಾರದ್ರೀ ಅಕ್ಕಾರ,” ಎಂದು ಅತ್ತೆ ದೇವಕ್ಕ ನಡುವೆ ಬಾಯಿ ಹಾಕಿದಳು. “ನಮ್ಮವ್ವ ನನಗ ಯಾವ ಹನಿ ಹಾಕ್ಸಿದ್ಲು?”

ನರ್ಸ್ ಬೆರಳಿಗೆ ಸಕ್ಕರೆ ನೀರು ಹಚ್ಚಿ ಕೂಸಿನ ತುಟಿಗೆ ಸವರಿದಳು. ಕೂಸು ನೆಕ್ಕಿತು. ಬೆರಳು ತೆಗೆದಾಗ ಅದರ ಹಿಂದೆ ಮುಖ ತಿರುಗಿಸಲಿಲ್ಲ.

“ಬಾಯಿಗಿಟ್ರ ಕುಡಿತಾನ. ತಾನಾಗಿ ಎಂದೂ ಬೇಡಂಗಿಲ್ಲ,” ಎಂದು ಹೇಳಿ ಅವಳು ಮುಂದಿನವರನ್ನು ಕರೆದಳು.

“ಹಟಾ ಮಾಡದ ಕೂಸು! ನೀ ಪುಣ್ಯಾ ಮಾಡೀದಿ ಬಿಡ,” ಎಂದು ದೇವಕ್ಕ ನಕ್ಕಳು.

ಹುಲಿಗೆಮ್ಮ ನರ್ಸ್ ಹೇಳಿದ್ದನ್ನು ನಂಬಲಿಲ್ಲ. ಮನೆಗೆ ಬಂದವಳೇ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವನು ಅಳುವ ತನಕ ಹಾಲು ಕೊಡಬಾರದೆಂದು ಕುಳಿತಳು. ಮಧ್ಯಾಹ್ನ ಕಳೆಯಿತು. ಪಕ್ಕದ ಮನೆಯ ಕೂಸು ಎರಡು ಸಲ ಅತ್ತು ಎರಡು ಸಲವೂ ಸುಮ್ಮನಾಯಿತು. ಎದೆ ಬಿಗಿದು ಹಾಲು ಕುಬಸವನ್ನೆಲ್ಲ ತೋಯಿಸಿತು. ಒಣಗಿದ ತುಟಿಯ ಮಗ ಅವಳ ಮುಖವನ್ನೇ ನೋಡುತ್ತಿದ್ದ.

ಹೊತ್ತು ಮುಳುಗುವಾಗ ಅವಳೇ ಸೋತು, ಅವನ ಬಾಯಿ ಬಿಡಿಸಿ ಮೊಲೆ ಇಟ್ಟಳು.